ಗೂಡಿನ ಅಂಟು, ರೆಕ್ಕೆಯ ಅಂಟು

ಕೆಂಚಾರ್ಲಹಳ್ಳಿಯ ಕಡೆಯ ರೈತರು ಬೆಳೆದ ರೇಷ್ಮೆಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಬರುತ್ತದೆ. ಅಲ್ಲಿ ನೂಲು ಬಿಚ್ಚುವವರಲ್ಲಿ ಅನೇಕರು ಮುಸ್ಲಿಮರು. ಬಿಸಿನೀರಿನಲ್ಲಿ ಗೂಡು ಹಾಕಿ ಎಳೆ ಹುಡುಕುವ ಆ ಕೈಗಳಿಗೆ ಒಂದು ಸತ್ಯ ಗೊತ್ತು: ಗೂಡಿನ ಬಲ ಎಳೆಯಲ್ಲಿ ಮಾತ್ರ ಇಲ್ಲ, ಎಳೆಗಳನ್ನು ಹಿಡಿದಿಟ್ಟ ಸೆರಿಸಿನ್ ಎಂಬ ಅಂಟಿನಲ್ಲೂ ಇದೆ. ಅಂಟು ಮೆತ್ತಗಾದರೆ ಗಟ್ಟಿ ಗೂಡು ಬರೀ ನೂಲು.

ವಿಮಾನದ ಚರಿತ್ರೆಯೂ ಇದನ್ನೇ ಹೇಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಮರದ ತೆಳು ಹಾಳೆಗಳನ್ನು ಅಂಟಿಸಿ 'ಮಾಸ್ಕಿಟೊ' ಎಂಬ ವೇಗದ ಯುದ್ಧವಿಮಾನ ಮಾಡಿದರು. 1944ರಲ್ಲಿ ಭಾರತದಲ್ಲಿದ್ದ ಕೆಲವು ಮಾಸ್ಕಿಟೊಗಳ ರೆಕ್ಕೆಗಳು ಹಾರಾಟದಲ್ಲೇ ಮುರಿದವು. ತಪಾಸಣೆ ಮಾಡಿದಾಗ ಅಂಟಿನ ಜೋಡಣೆಗಳಲ್ಲಿ ದೋಷ ಕಂಡಿತು. ನಮ್ಮ ಬಿಸಿಲು, ತೇವವನ್ನು ದೂರಿದರು. ಕಾರ್ಖಾನೆಯಲ್ಲೇ ಸರಿಯಾಗಿ ಅಂಟಿಸಿರಲಿಲ್ಲ ಎಂಬುದೂ ಹೊರಬಿತ್ತು. ಅದಕ್ಕೆ ಬೆಲೆ ತೆತ್ತವರು ಹಾರಿದ ತರುಣರು.

ಮುಂದೆ ಮರದ ಜಾಗವನ್ನು ಅಲ್ಯೂಮಿನಿಯಂ ಹಿಡಿಯಿತು. ಆದರೆ ಎಳೆ ಮತ್ತು ಅಂಟಿನ ವಿದ್ಯೆ ಕಾಂಪೊಸಿಟ್ ಎಂಬ ಹೆಸರಿನಲ್ಲಿ ಮರಳಿ ಬಂತು. ಈಗ ಎಳೆ ಕಾರ್ಬನ್ನಿನದು, ಅಂಟು ರಾಳದ್ದು. ಬೆಂಗಳೂರಿನ ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್ 1992ರ ಆಗಸ್ಟ್ 20ರಂದು ಮೊದಲು ಹಾರಿದಾಗ ಅದರ ತಿರುಗುವ ರೆಕ್ಕೆಗಳು ಇಂಥ ವಸ್ತುವಿನವು. 2001ರ ಜನವರಿ 4ರಂದು ಬೆಂಗಳೂರಿನಲ್ಲೇ ಮೇಲೇರಿದ ಲಘು ಯುದ್ಧವಿಮಾನಕ್ಕೆ ಆಮೇಲೆ ತೇಜಸ್ ಎಂದು ಹೆಸರಾಯಿತು. ಅದರ ಒಡಲಿನ ತೂಕದಲ್ಲಿ ಸುಮಾರು ಶೇಕಡಾ 45 ಕಾಂಪೊಸಿಟ್. ಅದರ ಬಾಲದ ನೆಟ್ಟನೆಯ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನದೇ ಆದ ಎನ್‌ಎಎಲ್ ಪ್ರಯೋಗಾಲಯ.

ಮಾಡುವ ಕ್ರಮ ಕೇಳಲು ಸರಳ. ರಾಳ ಹೀರಿದ ಕಾರ್ಬನ್ ಪದರಗಳನ್ನು ಬೇರೆ ಬೇರೆ ದಿಕ್ಕಿಗೆ ಒಂದರ ಮೇಲೊಂದು ಹಾಸಿ, ಗಾಳಿ ಹೊರತೆಗೆದು, ಪ್ರೆಶರ್ ಕುಕ್ಕರಿನಂಥ ದೊಡ್ಡ ಆಟೋಕ್ಲೇವಿನಲ್ಲಿ ಶಾಖ, ಒತ್ತಡ ಕೊಟ್ಟು ಬೇಯಿಸುತ್ತಾರೆ. ಆದರೆ ಒಳಗೆ ಪದರ ಬಿಟ್ಟುಕೊಂಡಿದ್ದರೂ ಮೇಲೆ ನುಣುಪಾಗಿಯೇ ಕಾಣಬಹುದು. ಆದ್ದರಿಂದಲೇ ಕಿವಿಗೆ ಕೇಳದ ಶಬ್ದದ ಅಲೆಗಳನ್ನು ಹಾಯಿಸಿ ಪರೀಕ್ಷಿಸುತ್ತಾರೆ. 1944ರ ಪಾಠ ಮರೆಯುವಂಥದ್ದಲ್ಲ.

ಆಕಾಶದಲ್ಲಿ ಹೆಲಿಕಾಪ್ಟರ್ ಕಂಡರೆ ನಮ್ಮ ಹುಡುಗರು ಓಡಿ ಬರುತ್ತಾರೆ. ಪೈಲಟ್ ಆಗಬೇಕೆಂಬ ಆಸೆ ಒಳ್ಳೆಯದೇ. ಆ ರೆಕ್ಕೆಯನ್ನು ಮಾಡುವ ಆಸೆಯೂ ಅವರಿಗೆ ಬರಲಿ. ಬಿಸಿನೀರಿಗೆ ಬೆರಳು ಬೆಂದ ಅಪ್ಪ ಅಮ್ಮಂದಿರ ಕೆಲಸವನ್ನು ನಾವು ವಿಜ್ಞಾನವೆಂದು ಅವರಿಗೆ ಎಂದೂ ಹೇಳಿಕೊಡಲಿಲ್ಲ. ಎಳೆ ಮತ್ತು ಅಂಟಿನ ಮೊದಲ ಪಾಠ ಆ ಮನೆಗಳಲ್ಲೇ ಇತ್ತು.