ಪಟ್ಟ, ಪಟ್ಟಿ, ಪಟ್ಟೆ, ಪಟ್ಟಾ

ಸೊಲ್ಲಾಪುರದ ರಸ್ತೆ ಹಿಡಿದು ಪುಣೆಗೆ ಬರುವ ಕನ್ನಡಿಗರಿಗೆ ಹಡಪ್ಸರ ಸಿಕ್ಕಿತೆಂದರೆ ಊರು ಬಂದಂತೆ. ಅಲ್ಲಿ ಬಲಕ್ಕೆ ಹೊರಳಿದರೆ ಮಗರಪಟ್ಟಾ. ಮೊಮ್ಮಗನ ಮನೆಗೆಂದು ಜಮಖಂಡಿ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಅಲ್ಲಿಯ ಫಲಕವನ್ನು ಅಕ್ಷರ ಕೂಡಿಸಿ ಓದಿ, "ಮಗರ ಅಂದ್ರ ಮನೆತನದ ಹೆಸರು ಇರಬೇಕು. ಪಟ್ಟಾ ಅಂದ್ರ ನಮ್ಮ ಹೊಲದ ಪಟ್ಟಿನ ಹೌದಲ್ಲೋ ತಮ್ಮಾ?" ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಮಗರ ಎಂಬುದು ಅಲ್ಲಿಯ ರೈತರ ಅಡ್ಡಹೆಸರು. ಮರಾಠಿಯಲ್ಲಿ ಪಟ್ಟಾ ಎಂದರೆ ಉದ್ದಕ್ಕೆ ಹಬ್ಬಿದ ನೆಲ. ಆದರೆ ಅಜ್ಜಿ ಆಕಾರವನ್ನು ಇಕಾರ ಮಾಡಿ ನೆಲವನ್ನು ತಮ್ಮದಾಗಿಸಿಕೊಂಡ ಸಲೀಸು ನನ್ನನ್ನು ಬಿಡಲಿಲ್ಲ. ಪ, ಟ್ಟ ಎಂಬ ಎರಡೇ ಅಕ್ಷರ. ಕೊನೆಯ ಸ್ವರ ಬದಲಾದರೆ ಸಾಕು, ಒಮ್ಮೆ ಕಿರೀಟ, ಒಮ್ಮೆ ಲೆಕ್ಕ, ಒಮ್ಮೆ ರೇಷ್ಮೆ, ಒಮ್ಮೆ ಭೂಮಿ. ಇದರ ಬೆನ್ನು ಹತ್ತಿ ಸ್ವಲ್ಪ ದೂರ ಹೋಗೋಣ.

ಮೂಲದ ವಿಷಯಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಎಲೆ ಎಂಬರ್ಥದ ‘ಪತ್ರ’ವೇ ಪ್ರಾಕೃತದ ಬಾಯಲ್ಲಿ ‘ಪತ್ತ’ವಾಗಿ, ತಕಾರ ಟಕಾರಕ್ಕೆ ಮಡಚಿಕೊಂಡು ‘ಪಟ್ಟ’ವಾಯಿತೆಂದು ಮೋನಿಯರ್ ವಿಲಿಯಮ್ಸರ ಕೋಶದ ಒಲವು; ಬಟ್ಟೆ ಎಂಬರ್ಥದ ‘ಪಟ’ದ ಒಡಹುಟ್ಟೆಂದು ಬೇರೆ ಕೆಲವರ ಮತ. ಎಲೆಯೋ ಬಟ್ಟೆಯೋ, ಎರಡರಲ್ಲೂ ಕಣ್ಣಿಗೆ ಕಟ್ಟುವುದು ಒಂದೇ ಆಕೃತಿ: ತೆಳುವಾಗಿ, ಉದ್ದವಾಗಿ, ಅಗಲ ಕಡಿಮೆಯಾಗಿ ಇರುವ ವಸ್ತು. ಈ ಆಕೃತಿಯೇ ಪದದ ಜೀವ ಎಂದು ನನಗನಿಸುತ್ತದೆ. ಅರ್ಥಗಳು ಎಲ್ಲೆಲ್ಲಿಗೆ ಹರಿದರೂ ಇದನ್ನು ಕೈಬಿಟ್ಟಿಲ್ಲ.

ಹಣೆಗೆ ಕಟ್ಟಿದ ಚಿನ್ನದ ಪಟ್ಟಿಯನ್ನೇ ನೋಡಿ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪಟ್ಟಲಕ್ಷಣಕ್ಕೇ ಒಂದು ಅಧ್ಯಾಯವಿದೆ. ಅರಸನ ಪಟ್ಟ ನಡುವೆ 8 ಅಂಗುಲ ಅಗಲ, ಮಹಿಷಿಯದು 7, ಯುವರಾಜನದು 6, ಸೇನಾಪತಿಯದು 4. ಅರಸ ಮೆಚ್ಚಿ ಕೊಡುವ ಪ್ರಸಾದಪಟ್ಟಕ್ಕೆ 2. ಅರಸನ ಪಟ್ಟಕ್ಕೆ 5 ಶಿಖೆ, ರಾಣಿಗೂ ಯುವರಾಜನಿಗೂ 3, ಸೇನಾಪತಿಗೆ 1, ಪ್ರಸಾದಪಟ್ಟಕ್ಕೆ ಶಿಖೆಯೇ ಇಲ್ಲ. ಅಧಿಕಾರವನ್ನು ಬೆರಳಗಲದಲ್ಲಿ ಅಳೆದ ಕಾಲ ಅದು. ನಮ್ಮ ಶಾಸನಗಳ ‘ಪಟ್ಟಂಗಟ್ಟು’, ‘ಪಟ್ಟಬಂಧ’ಗಳಲ್ಲಿ ಕಟ್ಟುವ ಕ್ರಿಯೆ ಇನ್ನೂ ಹಸಿಯಾಗಿದೆ: ರಾಜ್ಯ ಬರುವುದಲ್ಲ, ಹಣೆಗೆ ಕಟ್ಟಲ್ಪಡುವುದು. ಅಲ್ಲಿಂದ ಪಟ್ಟದರಸಿ, ಪಟ್ಟಮಹಾದೇವಿ, ಪಟ್ಟದಾನೆ, ಶಾಸನಗಳಲ್ಲಿ ಕಿಸುವೊಳಲ್ ಎನಿಸಿಕೊಂಡಿದ್ದ ಕೆಂಪು ಊರು ಪಟ್ಟದಕಲ್ಲಾಗಿ ನಿಂತದ್ದು, ಮಠಗಳ ಪಟ್ಟಾಧಿಕಾರ, ಜೈನಗುರುಗಳ ಪರಂಪರೆ ಹೇಳುವ ಪಟ್ಟಾವಳಿ. ಮೈಸೂರಿನ ಅರಮನೆಯಲ್ಲಿ ಇಂದಿಗೂ ದಸರೆಗೆ ಪಟ್ಟದ ಆನೆ, ಪಟ್ಟದ ಕುದುರೆ ಎಂದೇ ಆರಿಸುತ್ತಾರೆ.

ಇದೇ ಕಟ್ಟುವ ಕ್ರಿಯೆ ಬೀದಿಗಿಳಿದಾಗ ಏನಾಯಿತು! ಹುಚ್ಚನ ಪಟ್ಟ ಕಟ್ಟಿದರು, ಕಳ್ಳನ ಪಟ್ಟ ಹೊತ್ತುಕೊಂಡ ಎನ್ನುತ್ತೇವೆ. ಚಿನ್ನ ಉದುರಿಹೋಗಿದೆ, ಹಣೆ ಉಳಿದಿದೆ, ಕಟ್ಟುವವರು ಬೇರೆಯವರೇ ಎಂಬ ಮಾತೂ ಉಳಿದಿದೆ. ಪಟ್ಟವನ್ನು ಯಾರೂ ತಾವೇ ಕಟ್ಟಿಕೊಳ್ಳಲಾರರು ಎಂಬ ಹಳೆಯ ನಿಯಮವನ್ನು ಬೈಗುಳ ಇಷ್ಟು ನಿಷ್ಠೆಯಿಂದ ಕಾಪಾಡಿಕೊಂಡು ಬಂದಿದೆ.

ರೇಷ್ಮೆಯ ಕವಲು ಬೇರೆ. ಮಂದಸೋರಿನ 473ರ ಶಾಸನದಲ್ಲಿ ಲಾಟದೇಶದಿಂದ ದಶಪುರಕ್ಕೆ, ಅಂದರೆ ಇದೇ ಮಂದಸೋರಿಗೆ, ವಲಸೆ ಬಂದು ಸೂರ್ಯದೇಗುಲ ಕಟ್ಟಿಸಿದ ನೇಕಾರಶ್ರೇಣಿಯವರು ‘ಪಟ್ಟವಾಯ’ರು. ನಮ್ಮ ಪಟ್ಟೆಸೀರೆ, ಪಟ್ಟೆಮಡಿ, ಪಟ್ಟೆಗಾರ, ತಮಿಳರ ಪಟ್ಟು ಎಲ್ಲ ಈ ನೂಲಿನವೇ. ಉಣ್ಣೆ, ಹತ್ತಿಗೆ ಇಳಿದಾಗ ಬಡಗಣ ಕರ್ನಾಟಕದ ತಲೆಗೆ ಸುತ್ತುವ ಪಟಕಾ, ಹೊದೆಯುವ ದುಪಟಿ, ಹೆಗಲಿನ ದುಪಟ್ಟಾ. ದುಪಟಿ ಎಂದರೆ ಎರಡು ಪದರ. ಅದರ ದಾಯಾದಿ ‘ದುಪ್ಪಟ್ಟು’. ಬೆಲೆ ದುಪ್ಪಟ್ಟಾಯಿತು ಎನ್ನುವಾಗ ನಾವು ಬಟ್ಟೆ ಮಡಿಸುತ್ತಿದ್ದೇವೆ. ಅಚ್ಚಗನ್ನಡದ ‘ಇಮ್ಮಡಿ’ಯಲ್ಲೂ ಆಗಿರುವುದು ಅದೇ, ಇರ್ ಮತ್ತು ಮಡಿ. ಎರಡು ಬೇರೆ ಕುಲದ ನುಡಿಗಳು ಗುಣಾಕಾರವನ್ನು ಒಂದೇ ಬಟ್ಟೆಯ ಮಡಿಕೆಯಿಂದ ಕಲಿತವೆಂಬುದನ್ನು ಕಂಡುಕೊಂಡ ದಿನ ನನಗೆ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ.

ಸೀರೆಯ ಗೆರೆಯಿಂದ ಹುಲಿಯ ಮೈಗೆ ಹೋದದ್ದು ಪಟ್ಟೆಹುಲಿ. ಗಾಯಕ್ಕೆ ಸುತ್ತಿದ್ದು ಪಟ್ಟಿ, ಸೊಂಟಕ್ಕೆ ಕಟ್ಟಿದ್ದು ಪಟ್ಟಿ, ಕಾಗದದ ಉದ್ದ ಚೀಟಿಯಲ್ಲಿ ಒಂದರ ಕೆಳಗೊಂದು ಹೆಸರು ಬರೆದದ್ದೂ ಪಟ್ಟಿ. ಚೀಟಿಯ ಹೆಸರು ಚೀಟಿಯಲ್ಲಿದ್ದ ವಿಷಯಕ್ಕೆ ಅಂಟಿ, ಈಗ ಮನಸ್ಸಿನಲ್ಲೇ ಪಟ್ಟಿ ಮಾಡುತ್ತೇವೆ. ಅಡತಿ ಅಂಗಡಿಯಿಂದ ರೈತ ತರುವ ಮಾರಾಟದ ಲೆಕ್ಕ ಪಟ್ಟಿ. ಜಾತ್ರೆಗೆ ಮನೆಮನೆ ತಿರುಗಿ ಎತ್ತುವ ವಂತಿಗೆಯೂ ಪಟ್ಟಿಯೇ. ಪುಣೆಯವರು ಕಟ್ಟುವ ಮನೆತೆರಿಗೆ ಘರಪಟ್ಟಿ, ನೀರಿನ ತೆರಿಗೆ ಪಾಣಿಪಟ್ಟಿ.

ಇಂಗ್ಲಿಷರು ಬಂದು ಈ ಬಳಗವನ್ನು ತಮ್ಮ ಕಾಗುಣಿತಕ್ಕೆ ಒಗ್ಗಿಸಿಕೊಂಡರು. 1886ರ ಹಾಬ್ಸನ್-ಜಾಬ್ಸನ್ ಕೋಶವನ್ನು ತಿರುವಿದರೆ ನೆಲದ ಪಟ್ಟಾ ‘ಪೊಟ್ಟಾ’ ಆಗಿದೆ, ಪಟೇಲ ‘ಪೊಟೇಲ್’ ಆಗಿದ್ದಾನೆ. ಈ ಪಟೇಲನೂ ಪಾಟೀಲನೂ ಶಾಸನಗಳ ‘ಪಟ್ಟಕಿಲ’ನ ವಂಶಜರು, ಅಂದರೆ ಪಟ್ಟವುಳ್ಳವರು. ಸೈನಿಕರು ಮೊಳಕಾಲಿನ ಕೆಳಗೆ ಸುತ್ತಿಕೊಂಡ ‘ಪಟೀ’ ಮೊದಲ ಮಹಾಯುದ್ಧದಲ್ಲಿ ಯುರೋಪಿನ ಕಂದಕಗಳನ್ನೆಲ್ಲ ಕಂಡಿತು. ಇವುಗಳಲ್ಲಿ ಅತ್ಯಂತ ಉದ್ದನೆಯದು ‘ಪಟೀವಾಲಾ’. ಎದೆಗೆ ಅಡ್ಡಪಟ್ಟಿ ಧರಿಸಿ ಕಚೇರಿಯ ಬಾಗಿಲಲ್ಲಿ ನಿಂತ ಜವಾನ. ಮುಂಬಯಿ ಪ್ರಾಂತದಲ್ಲಿದ್ದ ನಮ್ಮ ಜಿಲ್ಲೆಗಳಲ್ಲಿ ಹಿರಿಯರು ಅವನನ್ನು ಪಟ್ಟೇವಾಲಾ ಎಂದೇ ಕರೆಯುತ್ತಾರೆ. ಅರಸನಿಗೂ ಜವಾನನಿಗೂ ಒಂದೇ ಪದ. ಒಬ್ಬನಿಗೆ ಹಣೆಯಲ್ಲಿ, ಒಬ್ಬನಿಗೆ ಎದೆಯಲ್ಲಿ.

ಅಕ್ಷರ ಕೂಡಿದ ಮಾತ್ರಕ್ಕೆ ನಂಟು ಕೂಡುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ದನದ ದೊಡ್ಡಿ, ಸಣ್ಣ ಊರು ಎಂಬರ್ಥದ ದ್ರಾವಿಡ ‘ಪಟ್ಟಿ’ ಬೇರೆಯೇ ಬೇರು. ತಮಿಳುನಾಡಿನ ಕೋವಿಲ್‌ಪಟ್ಟಿಯಲ್ಲಿರುವುದು ಅದು. ನಮ್ಮಲ್ಲಿ ಅದು ಹಾಲು, ಹೂವುಗಳ ದಾರಿ ಹಿಡಿದು ಪಕಾರ ಹಕಾರವಾಗಿ ‘ಹಟ್ಟಿ’ಯಾಯಿತು, ಗೊಲ್ಲರಹಟ್ಟಿಯಾಗಿ ಉಳಿಯಿತು. ನಮ್ಮ ‘ಪಟ್ಟ’ ಮಾತ್ರ ಹಟ್ಟವಾಗಲಿಲ್ಲ. ಎರವಲು ಪದವಾದ್ದರಿಂದ ಎನ್ನೋಣವೆಂದರೆ ಪಕ್ಷಿ ಹಕ್ಕಿಯಾಗಿದೆ, ಪಣ ಹಣವಾಗಿದೆ. ಅರಮನೆ, ಮಠ, ದಫ್ತರಗಳ ಬರೆಹದಲ್ಲಿ ಸದಾ ಕಣ್ಣಿಗೆ ಬೀಳುತ್ತಿದ್ದುದರಿಂದ ಬಾಯಿ ಅದನ್ನು ಸವೆಸಲಾಗಲಿಲ್ಲ ಎಂಬುದು ನನ್ನ ಊಹೆ.

ಆ ದಫ್ತರದ ದಾರಿಯೇ ನಮ್ಮನ್ನು ನೆಲಕ್ಕೆ ತರುತ್ತದೆ. ಅರಸ ಭೂಮಿ ದತ್ತಿ ಕೊಟ್ಟಾಗ ಅದನ್ನು ಪಟದ ಮೇಲಾಗಲಿ ತಾಮ್ರಪಟ್ಟದ ಮೇಲಾಗಲಿ ಬರೆಸಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ತಾಮ್ರದ ತಗಡು ಪಟ್ಟ. ತಗಡು ಕೊಟ್ಟ ಹಕ್ಕು ಪಟ್ಟ. ಹಕ್ಕಿಗೊಳಪಟ್ಟ ನೆಲವೇ ಪಟ್ಟಾ. ಹಕ್ಕುಳ್ಳವನು ಪಟ್ಟಾದಾರ, ಮಲಯಾಳದಲ್ಲಿ ಈ ಹಕ್ಕುಪತ್ರ ಪಟ್ಟಯಂ. ಹಾಗೆಯೇ ಉದ್ದಾನುದ್ದ ಹೊಲದ ತುಂಡಿಗೂ ಪಟ್ಟಿ, ಪಟ್ಟಾ ಎಂಬ ಹೆಸರು ಆಕೃತಿಯಿಂದಲೇ ಬಂತು. ಆಕೃತಿಯ ಅರ್ಥವೂ ಅಧಿಕಾರದ ಅರ್ಥವೂ ಬಹುಕಾಲ ಬೇರೆ ಬೇರೆ ಅಲೆದು ಕಡೆಗೆ ಮಣ್ಣಿನಲ್ಲಿ ಕೂಡಿಕೊಂಡವು.

ಮಗರಪಟ್ಟಾದಲ್ಲಿ ಆ ಮಣ್ಣಿನ ಕಥೆ ಮುಂದುವರಿದಿದೆ. ನಗರ ಬೆಳೆದು ಬಾಗಿಲಿಗೆ ಬಂದಾಗ ಸುಮಾರು 120 ರೈತ ಕುಟುಂಬಗಳು 400 ಎಕರೆಗೂ ಮಿಕ್ಕ ಕಬ್ಬಿನ ಭೂಮಿಯನ್ನು ಹರಿಹಂಚಿ ಮಾರಲಿಲ್ಲ. ಸತೀಶ ಮಗರ ಅವರ ಮುಂದಾಳ್ತನದಲ್ಲಿ ಎಲ್ಲವನ್ನೂ ಒಂದುಗೂಡಿಸಿ, ತಾವೇ ಕಂಪನಿ ಕಟ್ಟಿ, ಎಷ್ಟು ಭೂಮಿಯೋ ಅಷ್ಟು ಪಾಲು ಪಡೆದರು. 2000ದ ಹೊತ್ತಿಗೆ ಕಟ್ಟಡಗಳು ಏಳತೊಡಗಿದವು. ಹೊಲದ ಪಟ್ಟಿಗಳ ನಡುವಿನ ಬದುಗಳು ಅಳಿದುಹೋಗಿ, ಪಟ್ಟಾ ಇದ್ದವರ ಕೈಗೆ ಷೇರುಪತ್ರ ಬಂತು. ‘ಪತ್ರ’ದಿಂದಲೇ ‘ಪಟ್ಟ’ ಹುಟ್ಟಿತೆಂಬ ಕೋಶಕಾರರ ಮಾತು ನಿಜವಾದರೆ, ಈ ಪದ ಇಲ್ಲಿ ತವರಿಗೆ ಬಂದು ಸೇರಿದೆ.

ಅದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಎಸ್. ಎಂ. ಕತ್ರೆಯವರು ಮೊದಲಿಟ್ಟ ಸಂಸ್ಕೃತ ಮಹಾಕೋಶದ ಕೆಲಸ ಇಂದಿಗೂ ನಡೆದಿದೆ. ಸುಮಾರು 1,500 ಗ್ರಂಥಗಳಿಂದ ಪ್ರಯೋಗಗಳನ್ನು ಚೀಟಿಗಿಳಿಸಿ, ಪ್ರತಿಯೊಂದನ್ನೂ ಕಾಲಕ್ರಮದಲ್ಲಿ ಜೋಡಿಸುವ ಕೆಲಸ. ಈವರೆಗಿನ ಸಂಪುಟಗಳು ಅಕಾರದಲ್ಲಿವೆ, ಪಕಾರ ಬಹಳ ದೂರವಿದೆ. ಆ ತನಕ ನಿಮ್ಮ ನಿಮ್ಮ ಊರಲ್ಲಿ, ಮಗ್ಗದ ಮುಂದೆ, ಅಡತಿ ಅಂಗಡಿಯಲ್ಲಿ, ಹೊಲದ ಬದುವಿನ ಮೇಲೆ ಈ ಎರಡಕ್ಷರ ಯಾವ ಯಾವ ಅರ್ಥದಲ್ಲಿ ಕಿವಿಗೆ ಬೀಳುತ್ತದೆಯೋ, ಊರು ಮತ್ತು ಹೇಳಿದವರ ವಯಸ್ಸಿನ ಸಮೇತ ಬರೆದಿಟ್ಟುಕೊಳ್ಳಿ.