ಮಹಾವೀರಾಚಾರ್ಯರ ಸಂಖ್ಯಾಹಾರ

ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಹೆಸರು ಕೇಳಿದೊಡನೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಅರಸನನ್ನು ಆರಂಭದಲ್ಲಿ ಸ್ತುತಿಸುವ, ಕ್ರಿ.ಶ. 850ರ ಸುಮಾರಿನ ಇನ್ನೊಂದು ಕೃತಿ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’. ಸಂಸ್ಕೃತ ಪದ್ಯಗಳಲ್ಲಿರುವ ಈ ಗ್ರಂಥವನ್ನು ಶಾಸ್ತ್ರವೆಂದು ನಾವು ಬದಿಗಿರಿಸಿದ್ದೇವೆ. ಅದು ಸರಿಯಲ್ಲ.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯರು ಕೆಲವು ಲೆಕ್ಕಗಳ ಗುಣಲಬ್ಧವನ್ನು ಕಂಠಾಭರಣವೆಂದು ಬಣ್ಣಿಸುತ್ತಾರೆ. 139 × 109 = 15151; ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಇಲ್ಲಿನ ಎರಡು ಅಪವರ್ತನಗಳೂ ಅವಿಭಾಜ್ಯ ಸಂಖ್ಯೆಗಳು. 12345679 × 9 = 111111111; ಇದು ಒಂಬತ್ತು ಒಂದುಗಳ ಸರ. ಈ 12345679ನ್ನು ಬಿಡಿಸಿದರೆ 37 ಮತ್ತು 333667 ಎಂಬ ಎರಡು ಅವಿಭಾಜ್ಯಗಳು ದೊರೆಯುತ್ತವೆ. 1ನ್ನು 333667ರಿಂದ ಭಾಗಿಸಿದಾಗ ದಶಮಾಂಶದಲ್ಲಿ 000002997 ಎಂಬ ಒಂಬತ್ತು ಅಂಕಿಗಳು ಮರಳಿ ಮರಳಿ ಬರುತ್ತವೆ. ಒಂಬತ್ತು ಅಂಕಿಗಳ ಆವರ್ತವುಳ್ಳ ಅವಿಭಾಜ್ಯ ಸಂಖ್ಯೆ ಇದೊಂದೇ.

ಈ ವಿಶ್ಲೇಷಣೆ ಆಧುನಿಕ ಗಣಿತದ್ದು. ಇದನ್ನು ಆಚಾರ್ಯರ ಮೇಲೆ ಆರೋಪಿಸಬಾರದು. ಅವರು ಕಂಡದ್ದು ಅಂಕಿಗಳ ಸಮತೆಯ ಸೊಗಸನ್ನು. ಅದಕ್ಕೆ ಕೊಟ್ಟದ್ದು ಆಭರಣದ ಹೆಸರನ್ನು. ಸಂಖ್ಯೆಗಳನ್ನೂ ಅವರು ಶಾಸನಗಳ ಶಕವರ್ಷಗಳಂತೆ ಭೂತಸಂಖ್ಯೆಯ ಪದಗಳಲ್ಲಿ ಹೆಣೆಯುತ್ತಾರೆ. ಇಂಥ ಪದ್ಯವನ್ನು ಬಿಡಿಸಲು ಗಣಿತಜ್ಞನಷ್ಟೇ ಸಾಲದು, ಭಾಷಾವಿದ್ಯಾರ್ಥಿಯೂ ಬೇಕು.

ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಈ ಗ್ರಂಥವನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಪದ್ಮಾವತಮ್ಮನವರ ಕನ್ನಡ ಅನುವಾದವೂ ಹೊಂಬುಜದಿಂದ ಬಂದಿದೆ. ನೃಪತುಂಗನ ಯುಗವನ್ನು ಅರಿಯಬಯಸುವವರು ಇದನ್ನು ‘ಕವಿರಾಜಮಾರ್ಗ’ದ ಜೊತೆಗಿಟ್ಟು ಓದಬೇಕು.