ಮಕ್ಕಳ ಎತ್ತರ, ಹೆತ್ತವರ ಚಿಂತೆ

‘ಓರಗೆಯವರೆಲ್ಲ ಬೆಳೆದುಬಿಟ್ಟರು, ನಮ್ಮವನು ಮಾತ್ರ ನಿಂತಲ್ಲೇ ನಿಂತಿದ್ದಾನೆ’ ಎಂಬ ಮಾತು ಕೇಳಿಬರದ ಊರಿಲ್ಲ. ಈ ಚಿಂತೆ ಬಹಳ ಹಳೆಯದು. ಅದಕ್ಕೆ ಮದ್ದು ದೊರೆತದ್ದು ಮಾತ್ರ ನಮ್ಮ ಕಾಲದಲ್ಲಿ. ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಆ ಮದ್ದಿನ ಚರಿತ್ರೆ ಸೆಳೆದಿರುವುದಕ್ಕೆ ಕಾರಣವಿದೆ: ಅದರಲ್ಲಿ ಹೆತ್ತವರ ಆಸೆಯೂ ವಿಜ್ಞಾನದ ಸಾಹಸವೂ ಒಂದು ದಾರುಣ ದುರಂತವೂ ಒಟ್ಟಿಗೆ ಹೆಣೆದುಕೊಂಡಿವೆ.

ಮಗುವಿನ ಬೆಳವಣಿಗೆಯನ್ನು ಕ್ರಮವಾಗಿ ಅಳೆದಿಟ್ಟವರಲ್ಲಿ ಪ್ರಸಿದ್ಧನಾದವನು ಒಬ್ಬ ತಂದೆಯೇ. ಫ್ರಾನ್ಸ್ ದೇಶದ ಮಾಂಬೆಯಾರ್ ಎಂಬ ಶ್ರೀಮಂತನು 1759ರಲ್ಲಿ ಹುಟ್ಟಿದ ತನ್ನ ಮಗನನ್ನು 1777ರವರೆಗೆ, ಸುಮಾರು ಆರು ತಿಂಗಳಿಗೊಮ್ಮೆ, ಅಳೆದು ಬರೆದಿಟ್ಟನು. ಪ್ರಕೃತಿವಿಜ್ಞಾನಿ ಬ್ಯೂಫನ್ ಅದನ್ನು ತನ್ನ ಮಹಾಗ್ರಂಥದಲ್ಲಿ ಸೇರಿಸಿದನು. ಬೆಳವಣಿಗೆಯ ವೇಗ ಶೈಶವದಲ್ಲಿ ಅತ್ಯಧಿಕವೆಂದೂ ಬರಬರುತ್ತ ತಗ್ಗಿ ಹರೆಯದಲ್ಲಿ ಮತ್ತೊಮ್ಮೆ ಜಿಗಿಯುವುದೆಂದೂ ಆ ಅಂಕಿಗಳು ಸಾರುತ್ತವೆ. ಇಂದಿಗೂ ವೈದ್ಯರು ಒಂದು ದಿನದ ಎತ್ತರಕ್ಕಿಂತ ಒಂದು ವರ್ಷದ ಬೆಳವಣಿಗೆಗೆ ಹೆಚ್ಚು ಬೆಲೆ ಕೊಡುತ್ತಾರೆ.

ಈ ಬೆಳವಣಿಗೆಯ ಸೂತ್ರ ಹಿಡಿದಿರುವ ಅಂಗಗಳಲ್ಲಿ ಮುಖ್ಯವಾದದ್ದು ಮಿದುಳಿನ ಬುಡದಲ್ಲಿರುವ, ಬಟಾಣಿ ಕಾಳಿನಷ್ಟೇ ದೊಡ್ಡದಾದ ಪಿಟ್ಯುಟರಿ ಗ್ರಂಥಿ. ಅದು ಸ್ರವಿಸುವ ಹಾರ್ಮೋನು ಸಾಲದಾದಾಗ ಮಗು ಕುಳ್ಳಾಗಿ ಉಳಿಯುತ್ತದೆ. ದನದ ಇನ್ಸುಲಿನ್ ಮನುಷ್ಯನಿಗೆ ಒದಗಿತು. ಆದರೆ ದನದ ಬೆಳವಣಿಗೆಯ ಹಾರ್ಮೋನು ಒದಗಲಿಲ್ಲ. ಮನುಷ್ಯನಿಗೆ ಮನುಷ್ಯನದೇ ಬೇಕಾಯಿತು. ಅಮೆರಿಕದ ವೈದ್ಯ ಮಾರಿಸ್ ರೇಬನ್, ಮೃತದೇಹಗಳಿಂದ ತೆಗೆದ ಹಾರ್ಮೋನನ್ನು ಕೊಟ್ಟು ಒಬ್ಬ ಹುಡುಗನನ್ನು ಬೆಳೆಯಿಸಿದ ಸಂಗತಿಯನ್ನು 1958ರಲ್ಲಿ ವರದಿಮಾಡಿದನು. ಒಂದು ಗ್ರಂಥಿಯಲ್ಲಿ ದೊರೆಯುವುದು ಅತ್ಯಲ್ಪ. ಬೇಡುವ ಮಕ್ಕಳು ಅನೇಕ. ಆದ್ದರಿಂದ ಗ್ರಂಥಿಗಳನ್ನು ಸಂಗ್ರಹಿಸಿ ಹಂಚಲೆಂದೇ 1963ರಲ್ಲಿ ಅಮೆರಿಕದಲ್ಲಿ ರಾಷ್ಟ್ರೀಯ ಪಿಟ್ಯುಟರಿ ಸಂಸ್ಥೆ ಹುಟ್ಟಿತು. ತಮ್ಮ ಮಗುವಿಗೂ ಒಂದು ಪಾಲು ದೊರೆತರೆ ಸಾಕೆಂದು ತಂದೆತಾಯಿಗಳು ಕಾದಿದ್ದ ಕಾಲ ಅದು.

ಆ ಕಾಲ 1985ರಲ್ಲಿ ಮುಗಿಯಿತು. ಬಾಲ್ಯದಲ್ಲಿ ಈ ಚಿಕಿತ್ಸೆ ಪಡೆದಿದ್ದ ಯುವಕರು ಕ್ರಾಯ್ಟ್ಸ್‌ಫೆಲ್ಟ್-ಯಾಕೊಬ್ ಎಂಬ, ಮಿದುಳನ್ನು ಸವೆಯಿಸುವ, ಮದ್ದಿಲ್ಲದ ರೋಗದಿಂದ ಸತ್ತರೆಂದು ತಿಳಿದುಬಂದಿತು. ರೋಗವಿದ್ದವರ ಗ್ರಂಥಿಗಳೂ ಇತರರ ಗ್ರಂಥಿಗಳೊಡನೆ ಬೆರೆತುಹೋಗಿದ್ದವು. ಅಮೆರಿಕವೂ ಬ್ರಿಟನ್ನೂ ಆ ವರ್ಷವೇ ಅದರ ಬಳಕೆಯನ್ನು ನಿಲ್ಲಿಸಿದವು. ರೋಗವೋ ವರ್ಷಗಳ, ದಶಕಗಳ ಕಾಲ ಅಡಗಿದ್ದು ಹೊರಬೀಳುವಂಥದು. ಫ್ರಾನ್ಸಿನಲ್ಲಿ ಹೀಗೆ ಸತ್ತವರ ಸಂಖ್ಯೆ ಮುಂದೆ ನೂರನ್ನು ಮೀರಿತು. ಸೂಜಿ ಚುಚ್ಚಿಸಲು ಮಗುವನ್ನು ಕೈಹಿಡಿದು ಕರೆದೊಯ್ದಿದ್ದ ತಾಯಿಯ ಅಳಲನ್ನು ಯಾವ ಅಂಕಿ ಹೇಳೀತು? ಅವಳಲ್ಲಿ ದೋಷವಿರಲಿಲ್ಲ, ಅಂದಿನ ಉತ್ತಮ ವೈದ್ಯರ ಮಾತನ್ನು ಅವಳು ನಂಬಿದ್ದಳು.

ಅದೇ ವರ್ಷದ ಅಕ್ಟೋಬರಿನಲ್ಲಿ, ಬ್ಯಾಕ್ಟೀರಿಯಗಳಿಂದ ತಯಾರಿಸಿದ ಹಾರ್ಮೋನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ಮೃತದೇಹದ ಹಂಗಿಲ್ಲ, ಆ ರೋಗದ ಭಯವೂ ಇಲ್ಲ. ಕೊರತೆ ನೀಗಿತು, ಬಯಕೆ ಬೆಳೆಯಿತು. 2003ರಲ್ಲಿ, ಹಾರ್ಮೋನಿನ ಕೊರತೆಯಿಲ್ಲದೆಯೇ ತೀರ ಗಿಡ್ಡವಾಗಿರುವ ಮಕ್ಕಳಿಗೂ ಅದನ್ನು ಕೊಡಬಹುದೆಂದು ಅಲ್ಲಿನ ಸರ್ಕಾರ ಒಪ್ಪಿತು.

ಚಿಂತೆಯ ಇನ್ನೊಂದು ಮುಖವನ್ನೂ ನೋಡಬೇಕು. 1950ರ ದಶಕದಿಂದ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಹೆಣ್ಣುಮಕ್ಕಳು ಅತಿ ಎತ್ತರವಾದರೆ ವರ ಸಿಕ್ಕಲಾರನೆಂದು ಹೆದರಿ, ಈಸ್ಟ್ರೋಜನ್ ಕೊಡಿಸಿ ಬೆಳವಣಿಗೆಯನ್ನು ತಡೆಯುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದವರಲ್ಲಿ ಗರ್ಭಧಾರಣೆಯ ತೊಡಕು ಹೆಚ್ಚೆಂದು ಆಸ್ಟ್ರೇಲಿಯದ ಸಂಶೋಧಕರು 2004ರಲ್ಲಿ ತೋರಿಸಿಕೊಟ್ಟರು. ಆ ಹುಡುಗಿಯರಿಗೆ ರೋಗವೇನೂ ಇರಲಿಲ್ಲ. ಇದ್ದದ್ದು ನೆರೆಹೊರೆಯ ಕಣ್ಣಿನ ಅಳತೆಗೋಲು.

ಮಗುವಿನ ಬೆಳವಣಿಗೆ ಕುಂಠಿತವಾದಂತೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ಥೈರಾಯ್ಡ್ ಕೊರತೆಯಂಥವನ್ನು ಬೇಗ ಗುರುತಿಸಿದಷ್ಟೂ ಒಳಿತು. ಆದರೆ ಮದ್ದು ಬೇಡುವ ಮೊದಲು ಹೆತ್ತವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳುವುದು ಮೇಲು: ಕೊರತೆ ಇರುವುದು ಮಗುವಿನ ಮೈಯಲ್ಲೋ, ನಮ್ಮ ನೋಟದಲ್ಲೋ? ಈ ಎರಡು ಚರಿತ್ರೆಗಳು ನಮಗೆ ಕಲಿಸುವ ವಿವೇಕ ಇದು.